ಅಡ್ಡ ಕಂಬಿ ಇಲ್ಲದ ಸೈಕಲ್ಲು

ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಾಗಿದ್ದ ಒಬ್ಬ ಹೆಣ್ಣುಮಗಳನ್ನು ನಾನು ಕೊನೆಯವರೆಗೂ ‘ನೀ’ ಎಂದೇ ಮಾತಾಡಿಸಿದೆ. ಆಕೆ ಮಾತ್ರ ನನ್ನನ್ನು ‘ಅಕ್ಕೋರ’ ಎನ್ನುತ್ತಿದ್ದಳು. ನಾನು ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಆಕೆ ಅಲ್ಲಿಯ ಆಯಾ. ನಮ್ಮ ಕಡೆ ಇಷ್ಟು ಅಂತರ ಸಾಕು, ವಯಸ್ಸನ್ನು ಯಾರೂ ಕೇಳುವುದಿಲ್ಲ. ಈಗ ಬರೆಯುವಾಗ ‘ಅವರು’ ಎಂದು ಬರೆಯಬೇಕೆಂದು ಮನಸ್ಸು ಹೇಳುತ್ತದೆ. ಆದರೆ ಬದುಕಿದ್ದಾಗ ಕೊಡದ ಮರ್ಯಾದೆಯನ್ನು ಕಾಗದದ ಮೇಲೆ ಕೊಟ್ಟರೆ ಅದೂ ಒಂದು ಸುಳ್ಳಾದೀತು.

ಆಕೆಯ ಊರು ಪುರ್ತಗೇರಿ. ಗಂಡ ಬಹಳ ಹಿಂದೆಯೇ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ತವರಿನಲ್ಲಿ ಅಣ್ಣನ ಸಂಸಾರದ ಜೊತೆ ಇದ್ದಳು. ದಿನಾ ಬೆಳಿಗ್ಗೆ ಶಾಲೆಗೆ ನಡೆದು ಬರುತ್ತಿದ್ದಳು. ಬಸ್ಸು ಇತ್ತು, ಆದರೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯಬೇಕಾದವಳಿಗೆ ಒದಗುವ ಹೊತ್ತಿಗೆ ಇರಲಿಲ್ಲ. ಕಸ ಹೊಡೆಯುವುದು, ನೀರು ತುಂಬುವುದು, ಗಂಟೆ ಬಾರಿಸುವುದು, ಹೊಟ್ಟೆನೋವೆಂದು ಅಳುವ ಹುಡುಗಿಯರನ್ನು ಸಂತೈಸಿ ಮನೆಗೆ ಮುಟ್ಟಿಸುವುದು, ಎಲ್ಲ ಆಕೆಯದೇ.

ಒಮ್ಮೆ ಮಧ್ಯಾಹ್ನದ ಊಟದ ನಂತರದ ಗಂಟೆ ಎರಡು ನಿಮಿಷ ತಡವಾಯಿತು. ಹೆಡ್‌ಮಾಸ್ತರು ಹೊರಗೆ ಬಂದು, “ಏನಬೇ, ನಿದ್ದಿ ಹತ್ತಿತ್ತೇನ?” ಎಂದರು.

“ಇಲ್ರಿ ಸರ್. ಎಂಟನೇತ್ತಾದ ಎರಡ ಹುಡುಗೂರು ಇನ್ನೂ ಉಣ್ಣಾಕತ್ತಿದ್ವು. ತುತ್ತ ಬಾಯಾಗ ಇದ್ದಾಗ ಗಂಟಿ ಹ್ಯಾಂಗ ಹೊಡೀಲಿ?”

ಹೆಡ್‌ಮಾಸ್ತರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಕೆ ಎದುರಾಡುವ ದನಿಯಲ್ಲಿ ಹೇಳುತ್ತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ, ಮುಂದಿನ ಕೆಲಸಕ್ಕೆ ಹೋಗಿಬಿಡುತ್ತಿದ್ದಳು.

ಆಕೆಯ ಮನಸ್ಸು ನಿಜವಾಗಿ ಇದ್ದದ್ದು ಶಾಲೆಯ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ. ಹುಡುಗಿಯರ ಸೈಕಲ್ಲುಗಳು ಗಾಳಿಗೆ ಒಂದರ ಮೇಲೊಂದು ಬಿದ್ದರೆ ಓಡಿಹೋಗಿ ಎತ್ತಿ ನಿಲ್ಲಿಸುವಳು. ಟಾಯರನ್ನು ಹೆಬ್ಬೆರಳಿನಿಂದ ಒತ್ತಿ, “ಇದರಾಗ ಗಾಳಿ ಇಲ್ಲ, ಇವತ್ತ ನೂಕ್ಕೊಂಡ ಹೋಗತಾಳ ಪಾಪ” ಎನ್ನುವಳು. ಯಾವ ಸೈಕಲ್ಲು ಯಾರದು, ಯಾವುದರ ಬ್ರೇಕು ಸಡಿಲ, ಯಾವುದರ ಚೈನು ಎಣ್ಣೆ ಕಾಣದೆ ಕಿರ್ರೆನ್ನುತ್ತದೆ, ಎಲ್ಲ ಬಾಯಿಪಾಠ. ಒಂದು ಸಂಜೆ ಎತ್ತರದ ಹುಡುಗಿಯೊಬ್ಬಳು ಸೀಟು ಕೆಳಗಿಳಿಸಿಕೊಂಡು ತುಳಿಯುತ್ತ ಹೊರಟಾಗ ಗೇಟಿನಲ್ಲಿ ತಡೆದು ನಿಲ್ಲಿಸಿದಳು.

“ಮೊಣಕಾಲ ಎದಿಗೆ ಬಡ್ಯಾಕತ್ತಾವಲ್ಲಬೇ. ಸೀಟ ಎತ್ತಿಸ್ಕೋ. ಪೆಡಲ್ ಕೆಳಗ ಹೋದಾಗ ಕಾಲು ನೆಟ್ಟಗ ಆಗಬೇಕು, ಪೂರ್ತಿ ನೆಟ್ಟಗ ಅಲ್ಲ, ತುಸು ಮಡಚಿರಬೇಕು.”

“ನಿನಗ ಹ್ಯಾಂಗ ಗೊತ್ತ ಆಯಾ?” ಎಂದು ಹುಡುಗಿ ನಕ್ಕಳು. ನಾನೂ ಅಲ್ಲೇ ನಿಂತಿದ್ದೆ. ನನಗೂ ಅದೇ ಪ್ರಶ್ನೆ ಇತ್ತು.

ಉತ್ತರವನ್ನು ಆಕೆ ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಚಿಕ್ಕವಳಿದ್ದಾಗ ಹೊಲಕ್ಕೆ ಅಪ್ಪನಿಗೆ ಬುತ್ತಿ ಒಯ್ಯುವುದು ಆಕೆಯ ಕೆಲಸವಾಗಿತ್ತಂತೆ. ಮನೆಯಲ್ಲಿ ಅಪ್ಪನ ದೊಡ್ಡ ಸೈಕಲ್ಲಿತ್ತು. ಸೀಟಿಗೆ ಎಟಕುತ್ತಿರಲಿಲ್ಲ, ಅಡ್ಡ ಕಂಬಿಯ ಕೆಳಗೆ ಕಾಲು ತೂರಿಸಿ, ಮೈಯನ್ನು ಒಂದು ಕಡೆ ವಾಲಿಸಿ ತುಳಿಯುತ್ತಿದ್ದಳಂತೆ. ಎರೆಹೊಲದ ದಾರಿಯಲ್ಲಿ ಬುತ್ತಿ ಬಿಸಿ ಆರುವುದರೊಳಗೆ ಮುಟ್ಟಿಸುತ್ತಿದ್ದಳು. ಹದಿನೈದಕ್ಕೆ ಮದುವೆಯಾಯಿತು. “ಅಲ್ಲಿಗೆ ಇಳದೆ ನೋಡ್ರಿ. ಮತ್ತ ಹತ್ತಲಿಲ್ಲ” ಎಂದಳು.

ಆಕೆ ಶಾಲೆಗೆ ಬಂದು ಇಪ್ಪತ್ತು ವರ್ಷ ತುಂಬಿದಾಗ, ಶಾಲೆಯ ವಾರ್ಷಿಕ ಗ್ಯಾದರಿಂಗಿನ ದಿನ ಏನಾದರೂ ಉಡುಗೊರೆ ಕೊಡೋಣವೆಂದು ನಾವು ಶಿಕ್ಷಕರೆಲ್ಲ ತುಸು ತುಸು ಹಣ ಹಾಕಿದೆವು. ಏನು ಬೇಕೆಂದು ಕೇಳಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಇಲಕಲ್ ಸೀರೆ ಕೇಳುತ್ತಾಳೆಂದೇ ನಾನು ತಿಳಿದಿದ್ದೆ. ಆಕೆ ಕಸಬರಿಗೆಯನ್ನು ಗೋಡೆಗೆ ಆನಿಸಿ, ಅತ್ತ ಇತ್ತ ನೋಡಿ, “ಸೈಕಲ್ ಕೊಡಸ್ತೀರೇನ್ರಿ ಅಕ್ಕೋರ?” ಎಂದಳು.

“ಯಾರಿಗೆ?”

“ನನಗರಿ. ನಾ ಹೊಡ್ಯಾಕ.”

ಆಮೇಲೆ ಸೈಕಲ್ಲು ಹೇಗಿರಬೇಕೆಂದು ಹೇಳತೊಡಗಿದಳು. ಎಷ್ಟೋ ವರ್ಷದಿಂದ ಮನಸ್ಸಿನಲ್ಲೇ ಆರಿಸಿಟ್ಟಿದ್ದಳೆಂದು ಕಾಣುತ್ತದೆ, ಒಂದು ಮಾತಿಗೂ ತಡವರಿಸಲಿಲ್ಲ. ನಡುವೆ ಅಡ್ಡ ಕಂಬಿ ಇರಬಾರದು, ಸೀರೆಯುಟ್ಟು ಹತ್ತಬೇಕಲ್ಲ. ಚೈನಿಗೆ ಪೂರ್ತಿ ಕವರು ಬೇಕು. ಹ್ಯಾಂಡಲ್ಲು ತುಸು ಎತ್ತರದಲ್ಲಿ, ತನ್ನ ಕಡೆ ಬಾಗಿರಬೇಕು, ಬೆನ್ನು ಬಗ್ಗಿಸಿ ತುಳಿದರೆ ಪುರ್ತಗೇರಿ ಮುಟ್ಟುವುದರೊಳಗೆ ಸೊಂಟ ಬಿದ್ದುಹೋಗುತ್ತದೆ. ಸೀಟು ಅಗಲ, ಕೆಳಗೆ ಸ್ಪ್ರಿಂಗು. ಹಿಂದೆ ಗಟ್ಟಿ ಕ್ಯಾರಿಯರ್. ಗೇರು ಬೇಡ, ಕೆಟ್ಟರೆ ಊರಲ್ಲಿ ರಿಪೇರಿ ಮಾಡುವವರಿಲ್ಲ. “ಭಾಳ ತುಟ್ಟಿದ್ದ ಬ್ಯಾಡ್ರಿ. ಚಪ್ಪಲ ಇದ್ದಂಗ ಇರಬೇಕು. ಹಾಕ್ಕೊಂಡದ್ದ ನೆನಪ ಆಗಬಾರದು. ಚಪ್ಪಲ ಕಚ್ಚಿದ್ರ ಅದು ಕಾಲಿನ ತಪ್ಪ ಅಲ್ಲ ನೋಡ್ರಿ.”

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ನಾನು ಕೇಳಿದ್ದೆ, ಪ್ರತಿ ಮಾತೂ ಕಿವಿಗೆ ಬಿದ್ದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬೇರೆ ಹೇಳಿದ್ದೇನೆ.

ಸ್ಟಾಫ್ ರೂಮಿಗೆ ಹೋಗಿ, “ಆಯಾಗ ಸೈಕಲ್ ಬೇಕಂತ” ಎಂದೆ. ಗಣಿತದ ಮಾಸ್ತರು, “ಸೀರಿ ಕಚ್ಚಿ ಹಾಕ್ಕೊಂಡು ಬೆಲ್ ಹೊಡ್ಕೋತ ಬರತಾಳೇನ್ರಿ, ದಾರಿ ಬಿಡ್ರಿ, ದಾರಿ ಬಿಡ್ರಿ ಅಂತ?” ಎಂದು ಕುರ್ಚಿಯ ಮೇಲೆ ಕೂತೇ ಪೆಡಲ್ ತುಳಿದು ತೋರಿಸಿದರು. ಎಲ್ಲರೂ ನಕ್ಕರು. ಇನ್ನೊಬ್ಬರು, “ಏ, ಆಕೀಗಲ್ರೀ. ಮನ್ಯಾಗ ಅಣ್ಣನ ಮಗ ಅದಾನ, ಅವಗ ಇರಬೇಕು. ಹೌದಲ್ರಿ ಟೀಚರ್?” ಎಂದು ನನ್ನ ಕಡೆ ತಿರುಗಿದರು.

ಆಗ ಹೇಳಬೇಕಿತ್ತು. ‘ಇಲ್ಲ, ಆಕೆಗೇ, ಹೀಗೆ ಹೀಗೆ ಇರಬೇಕಂತೆ’ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಹೇಳಿದರೆ ಆ ನಗು ನನ್ನ ಕಡೆಯೂ ಹೊರಳುತ್ತದೆ ಎನಿಸಿತು. ಆ ಕೋಣೆಯಲ್ಲಿ ನಾವು ಹೆಂಗಸರು ಇಬ್ಬರೇ. ನಾನೂ ನಕ್ಕೆ. ನಗುತ್ತಲೇ, “ಹೌದ್ರಿ, ಅವಗ ಇರಬೇಕು” ಎಂದೆ.

ಸೈಕಲ್ಲು ತರುವುದೂ ನನಗೇ ಬಂತು, ನಾನು ದಿನಾ ರೋಣದಿಂದ ಬಸ್ಸಿಗೆ ಬರುತ್ತಿದ್ದೆ, ಅಲ್ಲಿಯ ಪೇಟೆಯಲ್ಲಿ ನಮ್ಮ ಮನೆಗೆ ಹತ್ತಿರವೇ ಸೈಕಲ್ ಅಂಗಡಿ ಇತ್ತು. ಅಂಗಡಿಯ ಮುದುಕ ಒಳ್ಳೆಯ ಮನುಷ್ಯ. ಮೊದಲು ಕೇಳಿದ್ದೇ, “ಹೊಡಿಯವರು ಯಾರ್ರಿ ತಂಗಿ?” ಎಂದು.

“ನಮ್ಮ ಆಯಾನ ಮನ್ಯಾಗ ಒಬ್ಬ ಹುಡುಗ ಅದಾನ.”

“ಎಷ್ಟ ಎತ್ತರ ಅದಾನ?”

“ಎಲ್ಲಾರೂ ಇರೋವಷ್ಟ.”

ಮುದುಕ ನನ್ನನ್ನೊಮ್ಮೆ ನೋಡಿದ. “ಕರ್ಕೊಂಡ ಬಂದಿದ್ರ ಚಲೋ ಇತ್ತು. ಸೈಕಲ್ ಅಂದ್ರ ಅಂಗಿ ಇದ್ದಂಗರಿ, ಅಳತಿ ನೋಡಬೇಕು” ಎಂದ. ಅಂಗಡಿಯ ಒಂದು ಮೂಲೆಯಲ್ಲಿ ಕಂಬಿ ಇಲ್ಲದ, ಸ್ಪ್ರಿಂಗ್ ಸೀಟಿನ, ನೀಲಿ ಬಣ್ಣದ ಸೈಕಲ್ಲು ನಿಂತಿತ್ತು. ನನಗೆ ಕಂಡಿತು. ಕಂಡೂ ಮುಂದೆ ಹೋದೆ. ದಪ್ಪ ಟಾಯರಿನ, ಮುಂದೆ ಕುಲುಕಾಟ ತಡೆಯುವ ಶಾಕಪ್ ಇರುವ, ನೆಟ್ಟನೆ ಹ್ಯಾಂಡಲ್ಲಿನ, ಕಪ್ಪು ಕೆಂಪು ಬಣ್ಣದ ಒಂದನ್ನು ಆರಿಸಿದೆ. ಚೈನ್ ಕವರ್ ಇಲ್ಲ, ಕ್ಯಾರಿಯರ್ ಇಲ್ಲ, ಸೀಟು ಅಂಗೈಯಷ್ಟು ಅಗಲ. ಆದರೆ ವೇದಿಕೆಯ ಮೇಲೆ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತಿತ್ತು.

ಕಂಡಿತು ಕೂಡ. ಗ್ಯಾದರಿಂಗಿನಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ಆಕೆ ಹೊಸ ಸೀರೆಯುಟ್ಟು, ಸೆರಗು ಹೊದ್ದು ಬಂದು, ಸೈಕಲ್ಲಿನ ಮುಂದೆ ನಿಂತು, ಅದರ ಅಡ್ಡ ಕಂಬಿಯ ಮೇಲೆ ಒಂದು ಬೆರಳಿಟ್ಟು ಈ ತುದಿಯಿಂದ ಆ ತುದಿಯವರೆಗೆ ಎಳೆದಳು. ಆಮೇಲೆ ಹ್ಯಾಂಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಭಾಳ ಛಂದ ಐತ್ರಿ” ಎಂದು ಮೈಕಿನಲ್ಲಿ ಹೇಳಿದಳು. ನನ್ನ ಕಡೆ ನೋಡಲಿಲ್ಲ, ಅಥವಾ ನಾನೇ ಆಕೆಯ ಕಡೆ ನೋಡಲಿಲ್ಲ. ಆ ಸಂಜೆ ಪುರ್ತಗೇರಿಗೆ ಅದನ್ನು ನೂಕಿಕೊಂಡೇ ಹೋದಳೆಂದು ಆಮೇಲೆ ತಿಳಿಯಿತು.

ಹದಿನೈದು ದಿನವಾದ ಮೇಲೆ ಒಂದು ಬೆಳಿಗ್ಗೆ ಗಂಟೆಯ ಸದ್ದು ಬೇರೆಯಾಗಿತ್ತು. ಹೊರಗೆ ನೋಡಿದರೆ ಆಕೆ ಎಡಗೈಯಿಂದ ಬಾರಿಸುತ್ತಿದ್ದಳು. ಬಲಗೈ ಮಣಿಕಟ್ಟಿಗೆ ಬಿದಿರಿನ ಸೀಳು ಕೊಟ್ಟು ಬಟ್ಟೆ ಸುತ್ತಿತ್ತು.

“ಏನಾತಬೇ?”

“ಬಚ್ಚಲದಾಗ ಜಾರಿದ್ನಿರಿ ಅಕ್ಕೋರ. ಎಲವು ಕಟ್ಟವರ ಕಡೆ ಹೋಗಿದ್ದೆ, ಕಟ್ಟ್ಯಾರ. ಹತ್ತ ದಿನದಾಗ ಕೂಡತೈತಿ.”

ನಂಬಿದೆ. ಅಥವಾ ನಂಬುವುದು ಸುಲಭವಾಗಿತ್ತು. ಒಂದು ವಾರದ ಮೇಲೆ, ಪುರ್ತಗೇರಿಯಿಂದ ಬರುವ ಹತ್ತನೇ ತರಗತಿಯ ಹುಡುಗಿ ನಿಬಂಧದ ವಹಿ ಕೊಡಲು ಬಂದವಳು ತಾನಾಗಿ ಹೇಳಿದಳು: “ಟೀಚರ್, ಆಯಾ ಬಚ್ಚಲದಾಗ ಬಿದ್ದಿಲ್ರಿ. ನಸಕಿನ್ಯಾಗ ಯಾರೂ ಇಲ್ಲದಾಗ ಆ ಸೈಕಲ್ ಹೊಡ್ಯಾಕ ಹೋಗಿದ್ಲು. ಸೀರಿ ಚೈನಿನ್ಯಾಗ ಸಿಕ್ತು, ಕಂಬಿ ಅಡ್ಡ ಬಂದು ಇಳ್ಯಾಕ ಆಗಲಿಲ್ಲ. ನೀರಿಗೆ ಹೋಗವರು ನೋಡಿದ್ರು. ಊರಾಗ ಎಲ್ಲಾರೂ ನಗತಾರ್ರಿ.”

ಆ ದಿನ ನಾನು ಮಾಡಿದ ಪಾಠ ಯಾವುದೆಂದು ನೆನಪಿಲ್ಲ.

ಹೋಗಬೇಕು ಎಂದುಕೊಂಡೆ, ಹೋಗಲಿಲ್ಲ. ಆಕೆ ಎಡಗೈಯಲ್ಲಿ ಕೊಡ ಎತ್ತುವುದನ್ನು ನೋಡುತ್ತ ಎರಡು ವಾರ ಕಳೆದೆ. ಎದುರಿಗೆ ಬಂದರೆ ಕೈಯಲ್ಲಿದ್ದ ಪುಸ್ತಕ ತೆರೆಯುತ್ತಿದ್ದೆ. ಕೊನೆಗೆ ಒಂದು ರವಿವಾರ ಪುರ್ತಗೇರಿಗೆ ಹೋದೆ. ಆಕೆ ಬಾಗಿಲ ಎದುರಿನ ಪಡಸಾಲೆಯಲ್ಲಿ ಕೂತು, ಮೊರವನ್ನು ಎಡಗೈ ಮತ್ತು ಮೊಣಕಾಲ ನಡುವೆ ಹಿಡಿದು ಕಡಲೆ ಹಸನು ಮಾಡುತ್ತಿದ್ದಳು. ಸೈಕಲ್ಲು ಗೋಡೆಗೆ ಆನಿಸಿತ್ತು. ನಾನು ಹೊಸ್ತಿಲಲ್ಲೇ ನಿಂತೆ.

“ಕೈ ಹ್ಯಾಂಗ ಐತಿ?” ಎಂದೆ.

“ಚಲೋ ಆಗೈತ್ರಿ. ಒಳಗ ಬರ್ರಿ, ಬಿಸಿಲಾಗ ಯಾಕ ನಿಂತ್ರಿ?”

“ಆ ಸೈಕಲ್... ನೀ ಹೇಳಿದ್ದು ಬ್ಯಾರೆ ಇತ್ತು...”

ನಾನು ಮುಂದೆ ಹೇಳಲಾರದೆ ನಿಂತಾಗ ಆಕೆಯೇ ಹೇಳಿದಳು: “ನೀವು ಮರ್ತಿರಬೇಕ್ರಿ. ಪರೀಕ್ಷಾ ಪೇಪರ್ ನೋಡೂ ದಿನಾ ಇದ್ವು ಅವು. ಮರವು ಯಾರಿಗಿಲ್ಲ?”

“ಹೌದು, ಮರತೆ” ಎಂದೆ.

ಆ ಎರಡು ಶಬ್ದ ಎಷ್ಟು ಸರಾಗವಾಗಿ ಬಂದವು! ಆಕೆ ಮಣೆ ಹಾಕಿ, ಒಂದೇ ಕೈಯಲ್ಲಿ ಚಹಾ ಮಾಡಿ ಕೊಟ್ಟಳು. ನಾನು ಕುಡಿದೆ.

ಕೈ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಬಲಗೈ ಮುಷ್ಟಿ ಗಟ್ಟಿಯಾಗಿ ಬಿಗಿಯುತ್ತಿರಲಿಲ್ಲ. ಒಂದು ತಿಂಗಳಾದ ಮೇಲೆ ಆಕೆಯನ್ನು ಕರೆದುಕೊಂಡು ರೋಣಕ್ಕೆ ಹೋದೆ. ಬದಲಿಗೆ ಕೊಡಲೆಂದು ಆ ಸೈಕಲ್ಲನ್ನೂ ಬಸ್ಸಿನ ಮೇಲೆ ಹಾಕಿಸಿ ಒಯ್ದೆವು. ಅಂಗಡಿಯ ಮುದುಕ ಕೆರೆದ ಬಣ್ಣ ನೋಡಿದ, ಆಕೆಯ ಕೈ ನೋಡಿದ, ನನ್ನ ಮುಖ ನೋಡಿದ.

“ಹೊಡ್ಯಾಕಿ ಈಕಿನೇನ್ರಿ? ಅವತ್ತ ಯಾಕ ಹೇಳಲಿಲ್ರಿ ತಂಗಿ? ನಾ ಕೇಳಿದ್ನಲ್ಲ?”

ನಾನು ನೆಲ ನೋಡಿದೆ. ಆಕೆ, “ಇರಲಿ ಬಿಡೋ ಯಣ್ಣಾ. ಈಗ ತೋರಸು” ಎಂದಳು.

ಆಕೆ ಸೈಕಲ್ಲು ಆರಿಸಿದ್ದನ್ನು ನೋಡಬೇಕಿತ್ತು. ಬಣ್ಣದ ಕಡೆ ಕಣ್ಣೆತ್ತಲಿಲ್ಲ. ಒಂದೊಂದರ ಪಕ್ಕದಲ್ಲಿ ನಿಂತು ಸೀಟು ಸೊಂಟದ ಎಲುಬಿಗೆ ಬರುತ್ತದೆಯೇ ನೋಡಿದಳು. ಸೀಟಿನ ಮೂತಿಗೆ ಮೊಣಕೈ ಊರಿ ಬೆರಳು ಚಾಚಿ, ಹ್ಯಾಂಡಲ್ ಎಷ್ಟು ದೂರವೆಂದು ಅಳೆದಳು. ಹಿಂದಿನಿಂದ ಎತ್ತಿ ಭಾರ ನೋಡಿದಳು. ಪೆಡಲನ್ನು ಕೈಯಿಂದ ತಿರುಗಿಸಿ ಕಿವಿಗೊಟ್ಟಳು. ಒಂದರ ಸೀಟು ಬಹಳ ಮೆತ್ತಗಿತ್ತು. ನಾನು ಅದೇ ಒಳ್ಳೆಯದೆಂದೆ. “ಮೆತ್ತಗಿದ್ರ ಅಂಗಡ್ಯಾಗ ಸುಖರಿ, ದಾರ್ಯಾಗ ಅಲ್ಲ. ಕುಂತಷ್ಟೂ ಒಳಗ ಇಳೀತೈತಿ, ತೊಡಿ ತಿಕ್ಕತೈತಿ” ಎಂದಳು. ಹೊಳೆಯುವ ಇನ್ನೊಂದನ್ನು ಬಿಟ್ಟು, ಬಣ್ಣ ತುಸು ಮಾಸಿದ, ಅದಕ್ಕೇ ಕಡಿಮೆ ಬೆಲೆಗೆ ಇಟ್ಟಿದ್ದ ಸೈಕಲ್ಲನ್ನು ಹಿಡಿದಳು. “ಬಣ್ಣ ಬಿಸಿಲಿಗೆ ಹೋಗತೈತಿ. ರಿಮ್ ನೆಟ್ಟಗ ಅದಾವ. ಇದ ಸಾಕು.” ಹಳೆಯದಕ್ಕೆ ಮುದುಕ ಕಟ್ಟಿದ ಬೆಲೆಯಲ್ಲಿ ಉಳಿದ ಹಣದಿಂದ ಕ್ಯಾರಿಯರ್ ಮತ್ತು ಹಿಂದಿನ ಗಾಲಿಗೆ ಸೀರೆ ಸಿಗದಂತೆ ಜಾಳಿಗೆ ಹಾಕಿಸಿದಳು. ಹಿಂದಿನ ಬ್ರೇಕು ಎಡಗೈಗೇ ಬರುವಂತೆ, ಮೆತ್ತಗೆ ಹಿಡಿದರೂ ಸಾಕಾಗುವಂತೆ ಮುದುಕ ಬಿಗಿದು ಕೊಟ್ಟ.

ಆಮೇಲೆ ಆಕೆ ಪೇಟೆಯ ನಡುವೆ ಸೈಕಲ್ಲು ಹತ್ತಿದಳು. ನಸುಕಿನಲ್ಲಿ ಬಿದ್ದ ಆ ಒಂದು ಸಲ ಬಿಟ್ಟರೆ, ಮೂವತ್ತೈದು ವರ್ಷದ ಮೇಲೆ. ಮೊದಲು ಒಂದು ಕಾಲಿನಿಂದ ನೆಲ ಒದೆಯುತ್ತ ನಾಲ್ಕು ಮಾರು ಹೋದಳು, ಓಲಾಡಿದಳು, ನಾನು ಹಿಂದೆ ಓಡಿದೆ. ಹತ್ತಿ ಮೂಟೆಯ ಗಾಡಿಯೊಂದು ಎದುರು ಬಂತು. ಆಕೆ ಬೆಲ್ ಹೊಡೆದಳು, ಬದಿಗೆ ಸರಿದಳು, ಬೆನ್ನು ನೆಟ್ಟಗೆ ಮಾಡಿ ಕೂತು ಸಾಗಿಹೋದಳು. ತಿರುವಿನಲ್ಲಿ ಕಾಣದಾದಾಗ ನಾನು ನಿಂತೆ. ತುಸು ಹೊತ್ತಿನ ಮೇಲೆ ತಿರುಗಿ ಬಂದಾಗ ಸೆರಗು ತಲೆಯಿಂದ ಜಾರಿತ್ತು, ಎಳೆದುಕೊಳ್ಳುವುದನ್ನು ಮರೆತಿದ್ದಳು.

ಮರುದಿನದಿಂದ ಸೈಕಲ್ಲಿನ ಮೇಲೆ ಶಾಲೆಗೆ ಬರತೊಡಗಿದಳು. ಗಣಿತದ ಮಾಸ್ತರು ಒಂದೆರಡು ದಿನ “ದಾರಿ ಬಿಡ್ರಿ” ಎಂದು ನಕ್ಕರು. ಹುಡುಗಿಯರು ಗೇಟಿನಲ್ಲಿ ಆಕೆಯ ಜೊತೆಗೂಡಿ ಬೆಲ್ ಬಾರಿಸುತ್ತ ಒಳಗೆ ಬರತೊಡಗಿದ ಮೇಲೆ ಅವರ ನಗು ನಿಂತಿತು.

ಮೂರು ವರ್ಷ ಹಾಗೆ ನಡೆಯಿತು. ನನ್ನ ಮಗಳಿಗೆ ಸೈಕಲ್ಲು ಬೇಕಾದಾಗ, ಆರಿಸಿಕೊಡು ಬಾ ಎಂದು ಆಕೆಯನ್ನೇ ಮತ್ತೆ ರೋಣಕ್ಕೆ ಕರೆದೊಯ್ದೆ. ಬಸ್ಸು ನರೇಗಲ್ ದಾಟಿತ್ತು. ಇಷ್ಟು ದಿನದಲ್ಲಿ ನನ್ನ ಸುಳ್ಳು ನನಗೇ ರೂಢಿಯಾಗಿತ್ತು. ನಗುತ್ತ, “ಈ ಸಲ ಮರಿಯಂಗಿಲ್ಲಬೇ, ನೀ ಹೇಳಿದ್ದೆಲ್ಲಾ ಬರಕೊಂಡೀನಿ” ಎಂದೆ.

ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಆ ಸಲಾನೂ ಮರ್ತಿರಲಿಲ್ಲ ಬಿಡ್ರಿ ಅಕ್ಕೋರ” ಎಂದಳು.

ಬಸ್ಸಿನ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ ಎನಿಸಿ ಆಕೆಯ ಮುಖ ನೋಡಿದೆ.

“ಸ್ಟಾಫ್ ರೂಮಿನ ಕಿಡಕಿ ಕೆಳಗ ಕಸಾ ಹೊಡ್ಯಾಕತ್ತಿದ್ದೆ. ಎಲ್ಲಾ ಕೇಳಸ್ತು. ನಿಮ್ಮ ನಗಿ ನನಗ ಗುರ್ತ ಹತ್ತತೈತ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಗಂಟೆ ತಡವಾದದ್ದಕ್ಕೆ ಹೆಡ್‌ಮಾಸ್ತರಿಗೆ ಕಾರಣ ಹೇಳಿದ್ದಳಲ್ಲ, ಅದೇ ದನಿ. ನನಗೆ ಬಸ್ಸಿನಿಂದ ಇಳಿದುಹೋಗಬೇಕೆನಿಸಿತು. “ಮತ್ತ ಅವತ್ತ ಮನಿಗೆ ಬಂದಾಗ, ಮರ್ತಿರಬೇಕು ಅಂತ ನೀನ ಅಂದೆಲ್ಲ?” ಎಂದೆ.

“ನೀವು ಅಷ್ಟ ದೂರ ಬಂದಿದ್ರಿ. ಹೊಸ್ತಿಲದಾಗ ನಿಂತಿದ್ರಿ. ಏನರ ಅಂದು ಒಳಗ ಕರೀಬೇಕಿತ್ತಲ್ಲರಿ.”

ಕ್ಷಮಿಸು ಎನ್ನಬೇಕಿತ್ತು. ಆ ಶಬ್ದ ನಮ್ಮ ಮಾತಿನಲ್ಲಿ ಸುಲಭವಾಗಿ ಬರುವುದಿಲ್ಲ, ಅದರಲ್ಲೂ ‘ನೀ’ ಎನ್ನುವವರಿಗೆ. ರೋಣ ಬಂತು, ಇಳಿದೆವು. ಆಕೆ ಅಂಗಡಿಗೆ ಬಂದಿದ್ದ ನನ್ನ ಮಗಳ ಪಕ್ಕದಲ್ಲಿ ನಿಂತು, ಅದೇ ಶ್ರದ್ಧೆಯಿಂದ ಸೀಟು, ಹ್ಯಾಂಡಲ್ಲು, ರಿಮ್ಮು ನೋಡಿ ಒಂದು ಸೈಕಲ್ಲು ಆರಿಸಿಕೊಟ್ಟಳು. ಮಗಳು ಈಗಲೂ ಅದನ್ನೇ ಹೊಡೆಯುತ್ತಾಳೆ. ಒಂದು ದಿನವೂ ಬೆನ್ನುನೋವೆಂದಿಲ್ಲ.

ಈ ಬೇಸಿಗೆ ಸೂಟಿಯಲ್ಲಿ ಆಕೆ ತೀರಿಕೊಂಡಳು. ಎದೆನೋವೆಂದಳಂತೆ, ದವಾಖಾನೆಗೆ ಒಯ್ಯುವುದರೊಳಗೆ ಮುಗಿಯಿತು. ಶಾಲೆ ತೆರೆದ ದಿನ ಸಂತಾಪ ಸಭೆ ಇಟ್ಟರು. ಗಣಿತದ ಮಾಸ್ತರು ನಿಜವಾಗಿಯೂ ಕಣ್ಣಲ್ಲಿ ನೀರು ತಂದುಕೊಂಡು, “ಆಕಿ ಇಪ್ಪತ್ತು ವರ್ಷದ ಸೇವಾಕ್ಕ ನಾವೆಲ್ಲಾ ಕೂಡಿ ಆಕಿ ಆಸಿಪಟ್ಟ ಸೈಕಲ್ ಕೊಡಿಸಿದ್ವಿ, ಅದೊಂದ ಸಮಾಧಾನ” ಎಂದರು. ಎಲ್ಲರೂ ತಲೆಯಾಡಿಸಿದರು.

ನನ್ನ ಸರದಿ ಬಂದಾಗ ಎದ್ದು ನಿಂತೆ. ಆಕೆಗೆ ಕೊಟ್ಟದ್ದು ಆಕೆ ಕೇಳಿದ ಸೈಕಲ್ಲಲ್ಲ ಎಂದೆ. ತನಗೇ ಬೇಕೆಂದು, ಇಂಥದೇ ಬೇಕೆಂದು ಆಕೆ ನನಗೆ ಬಿಡಿಸಿ ಹೇಳಿದ್ದಳು, ನಾನು ಮುಚ್ಚಿಟ್ಟು ನಕ್ಕೆ, ಆಕೆಯ ಕೈ ಮುರಿದದ್ದು ಬಚ್ಚಲಲ್ಲಿ ಅಲ್ಲ, ಎಂದೆ. ಎಲ್ಲ ಹೇಳಿದೆ. ಗಣಿತದ ಮಾಸ್ತರು ತಲೆ ಕೆಳಗೆ ಹಾಕಿದರು. ಹೆಡ್‌ಮಾಸ್ತರು ಮೆಲ್ಲಗೆ, “ಟೀಚರ್, ಈಗ ಅದೆಲ್ಲಾ ಯಾಕ್ರಿ?” ಎಂದರು.

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹೇಳಿದರೆ ಹಗುರಾಗುತ್ತೇನೆ ಎಂದುಕೊಂಡಿದ್ದೆ, ಆಗಲಿಲ್ಲ. ಇಡೀ ಶಾಲೆಯ ಎದುರು ಹೇಳುವ ಧೈರ್ಯ ನನಗೆ ಬಂದದ್ದು, ಬಸ್ಸಿನ ಸೀಟಿನಲ್ಲಿ ಮಗ್ಗುಲಿಗೇ ಕೂತಿದ್ದ ಆಕೆಯೊಬ್ಬಳಿಗೆ ಹೇಳುವುದು ಇನ್ನೆಂದೂ ಸಾಧ್ಯವಿಲ್ಲವೆಂದು ಖಾತ್ರಿಯಾದ ಮೇಲೆ.